ಗಾಲಿಮಣೆ

ಎಲಿಯಾವಾ ಬಜಾರಿನಲ್ಲಿ ಅವತ್ತು ನನಗಿದ್ದ ಕೆಲಸ
ಮೇಸ್ತ್ರಿಯ ಕೋಟು ಹಿಡಿದು ನಿಲ್ಲುವುದು, ಅಷ್ಟೇ.
ಟಿಬಿಲಿಸಿಯ ನವೆಂಬರ್. ನದಿ ಕಡೆಯಿಂದ ಗಾಳಿ.
ಸಾಲಂಗಡಿಗಳಲ್ಲಿ ಕಳಚಿದ ಬಾಗಿಲು, ಕಣ್ಣಿಲ್ಲದ ಹೆಡ್‌ಲೈಟು,
ಹಗ್ಗಕ್ಕೆ ಪೋಣಿಸಿ ತೂಗುಬಿಟ್ಟ ಸೈಲೆನ್ಸರು.

ಮೂವತ್ತೆರಡು ವರ್ಷ ಜುಂಬೆರ್ ಮೇಸ್ತ್ರಿ
ವ್ಯಾನುಗಳ ಹೊಟ್ಟೆಯಡಿ ನುಸುಳಿದ್ದು ರಟ್ಟಿನ ಮೇಲೆ:
ಫ್ರಿಜ್ಜು ಬಂದ ರಟ್ಟು, ಟೀವಿ ಬಂದ ರಟ್ಟು,
ಪಕ್ಕದ ಮನೆಗೆ ಪಿಯಾನೋ ಬರುತ್ತದಂತೆ ಎಂದರೆ
ಅದರ ರಟ್ಟಿಗೂ ಮೊದಲೇ ಹೇಳಿಟ್ಟಿದ್ದ.
ಈ ಚಳಿಗೆ ಬೆನ್ನು ಹೇಳಿತು: ಸಾಕು.
ಹೇಳಿದ್ದು ಮೆಲ್ಲಗಲ್ಲ. ಒಂದು ಡೆಲಿಕಾದ ಅಡಿ
ಮುಕ್ಕಾಲು ಗಂಟೆ ಸಿಕ್ಕಿಕೊಂಡ;
ಕಾಲು ಹಿಡಿದು ಎಳೆದವನು ನಾನು.
ಹೊರಬಂದು ಮೊದಲು ಬೈದದ್ದೂ ನನ್ನನ್ನೇ.

ಶಾಕ್ರೋನ ಅಂಗಡಿಯಲ್ಲಿ ಮೂರು ಗಾಲಿಮಣೆ.
ಒಂದು ಕೆಂಪು ಪ್ಲಾಸ್ಟಿಕ್ಕು, ಪಕ್ಕದಲ್ಲಿ ನಟ್ಟು ಬೋಲ್ಟಿಗೆ ಬಟ್ಟಲು.
ಒಂದು ಬೀಚ್ ಮರದ್ದು, ಶಾಕ್ರೋನ ಮೈದುನ ಹೆರೆದು ಮಾಡಿದ್ದು.
ಒಂದು ಕಬ್ಬಿಣದ ಚೌಕಟ್ಟು, ಮೇಲೆ ಕಪ್ಪು ರೆಕ್ಸಿನ್ನು, ತಲೆಗೆ ದಿಂಬು.
ಮೇಸ್ತ್ರಿ ಯಾವುದರ ಬೆಲೆಯನ್ನೂ ಕೇಳಲಿಲ್ಲ.
ಜೇಬಿನಿಂದ ಕೆಮ್ಮಿನ ಔಷಧಿಯ ಸೀಸೆ ತೆಗೆದ;
ಒಳಗಿದ್ದದ್ದು ಬ್ರೇಕ್ ಎಣ್ಣೆ.
ಕೆಂಪಿನ ಮೂಲೆಗೊಂದು ಹನಿ, ಕಪ್ಪಿನ ಅಂಚಿಗೊಂದು ಹನಿ.
"ಲೇ, ದುಡ್ಡು ಕೊಡದೇ ಸುಡ್ತೀಯಾ ನನ್ನ ಮಾಲು?"
"ಸುಡೋ ಮಾಲಾದರೆ ಇಲ್ಲೇ ಸುಡಲಿ,
ನನ್ನ ಬೆನ್ನಿನ ಕೆಳಗೆ ಬೇಡ."

ಆಮೇಲೆ ಗಾಲಿ.
ಮುಂದೆ ಒಂದು ವಾಷರ್ ಇಟ್ಟು ನೂಕಿದ.
ಕೆಂಪು ಮಣೆ ನಿಂತೇಬಿಟ್ಟಿತು, ಮೊಂಡು ಹಿಡಿದ ಕತ್ತೆ ಹಾಗೆ.
"ನೋಡು ಬಿಚೋ, ನೆಲಕ್ಕೆ ಬೀಳದ ವಾಷರ್ ಇಲ್ಲ.
ಮಣೆ ನಿಂತು ಮೈ ಮುಂದೆ ಹೋದರೆ
ಆಮೇಲೆ ಹಣೆಗೂ ಆಕ್ಸಲ್ಲಿಗೂ ಮಾತುಕತೆ."
ಮರದ್ದು ದಾಟಿತು. ಆದರೆ ಮರ ಎಣ್ಣೆ ಕುಡಿಯುತ್ತೆ,
ಕುಡಿದದ್ದನ್ನು ಅಂಗಿ ಮೇಲೆ ಕಾರುತ್ತೆ ಅಂದ.
ಕುಡುಕರ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಪ್ಪು ಉಳಿಯಿತು.
ಬೆಸುಗೆಯ ಗೆರೆ ಮೇಲೆ ಉಗುರೆಳೆದ,
ಕುದುರೆ ಕೊಳ್ಳುವವನು ಹಲ್ಲು ನೋಡಿದ ಹಾಗೆ.
ನೆಲದಿಂದ ರೆಕ್ಸಿನ್ನಿಗೆ ನಾಲ್ಕು ಬೆರಳು.
ಅವನ ಎದೆಯ ದಪ್ಪ ಒಂದು ಗೇಣು, ಊಟವಾದ ಮೇಲೆ ಇನ್ನಷ್ಟು.
ಡೆಲಿಕಾ ಅಡಿ ಹೋಗಬಹುದು;
ಓಪೆಲ್ ಅಡಿ, ಉಸಿರು ಪೂರ್ತಿ ಬಿಟ್ಟ ಮೇಲೆ.
ಕೋಟು ನನ್ನ ಕೈಗೆ ಬಂದದ್ದು ಆಗ.

ನಡುಬೀದಿಯಲ್ಲಿ ಮೇಸ್ತ್ರಿ ಮಲಗಿದ.
ಜನ ಸುತ್ತಿ ಹೋದರು. ಒಬ್ಬಳು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು,
ಬಂಪರ್ ಹೊತ್ತ ಹುಡುಗ ದಾಟಿಕೊಂಡೇ ಹೋದ.
ಭುಜ ಸರಿಮಾಡಿದ, ತಲೆ ದಿಂಬಿಗೆ ಒಪ್ಪಿಸಿದ,
ಎರಡು ಕೈ ತಾವಾಗಿ ಮೇಲೆದ್ದವು
ನಟ್ಟು ಹುಡುಕಿ.
ಮೇಲೆ ಏನೂ ಇರಲಿಲ್ಲ.
ಗೇರ್‌ಬಾಕ್ಸಿಲ್ಲ, ತೊಟ್ಟಿಕ್ಕುವ ಸೀಲಿಲ್ಲ,
ಬೂದಿ ಬಣ್ಣದ ಬರೀ ಆಕಾಶ,
ಗೇಣಿಗೆ ಸಿಕ್ಕದ್ದು.
ಕೈ ಸ್ವಲ್ಪ ಹೊತ್ತು ಹಾಗೇ ನಿಂತಿದ್ದವು.

"ಎಷ್ಟು?" ಅಂದ, ಮಲಗಿಕೊಂಡೇ.
"ನೂರೆಂಬತ್ತು. ಎದ್ದು ಮಾತಾಡು."
"ನೀನೇ ಬಿದ್ದು ಮಾತಾಡು."
ಶಾಕ್ರೋ ಒಂದು ಗಳಿಗೆ ನೋಡಿದ. ಟೋಪಿ ತೆಗೆದ.
ಮರದ ಮಣೆ ಎಳೆದು ಪಕ್ಕದಲ್ಲೇ ಒರಗಿದ.
ಇಬ್ಬರು ಮುದುಕರು, ನಾಲ್ಕು ಮೊಣಕಾಲು,
ಆಕಾಶಕ್ಕೆ ಮುಖ ಮಾಡಿ ಚೌಕಾಸಿ.
ನೂರ ಎಪ್ಪತ್ತು. ನೂರ ಹತ್ತು.
ನಡುವೆ ಶಾಕ್ರೋನ ಮಂಡಿಯ ಆಪರೇಷನ್ನು,
ಮೇಸ್ತ್ರಿಯ ಅಕ್ಕ ತೀರಿಕೊಂಡದ್ದು (ನನಗೇ ಗೊತ್ತಿರಲಿಲ್ಲ),
ಯಾರೂ ಕೊಳ್ಳದೆ ಉಳಿದ ಒಂದು ವೋಲ್ಗಾ.
ನೂರ ಅರವತ್ತು. ನೂರ ಹತ್ತು.

ಆಗ ಬೀದಿಯ ಇಳಿಜಾರಿಗೆ ಕಪ್ಪು ಮಣೆ ಸರಿಯಿತು,
ಮೆಲ್ಲಗೆ, ಸದ್ದಿಲ್ಲದೆ, ನದಿಯ ಕಡೆಗೆ.
ಮೇಸ್ತ್ರಿ ಕಾಲು ಊರಲಿಲ್ಲ.
ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ
ಬೇರಿಂಗನ್ನು.
"ನೂರ ನಲವತ್ತು!" ಶಾಕ್ರೋ ಹಿಂದಿನಿಂದ ಕೂಗಿದ.
ನಾನು ಕೋಟು ಎತ್ತಿ ಹಿಡಿದು ಓಡಿದೆ.